ತಾನಾಗೇ ಬಿಟ್ಕೊಂಡ ಮೇಜು

ಕಳೆದ ದೀಪಾವಳಿಗೆ ನಾಲ್ಕು ದಿನ ಮುಂಚೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಸಿಂಗಟಗೆರೆಯ ದೊಡ್ಡಮ್ಮನ ಮನೆಯ ನಡುಮನೆಯಲ್ಲಿದ್ದ ಅರ್ಧ ಮೇಜನ್ನು ಗೋಡೆಯಿಂದ ಈಚೆಗೆ ಎಳೆಯಲಾಯಿತು. ಎಳೆದವನು ಫ್ರಿಜ್ಜಿಗೆ ಪ್ಲಗ್ಗು ಕೂರಿಸಲು ಬಂದಿದ್ದ ಎಲೆಕ್ಟ್ರಿಷಿಯನ್. ಆ ಮೇಜು ಅಲ್ಲಿಗೆ ಸೇರಿದ ಮೇಲೆ ಗೋಡೆ ಬಿಟ್ಟು ಸರಿದದ್ದು ಅದೇ ಮೊದಲು. ಸುಣ್ಣ ಹೊಡೆಯುವವರು ಕೂಡ ಅದರ ಸುತ್ತಲೇ ಹೊಡೆದು ಹೋಗುತ್ತಿದ್ದರು. ಗೋಡೆಯ ಕಡೆಗಿದ್ದ ನೆಟ್ಟನೆಯ ಅಂಚಿನಲ್ಲಿ, ಒಂದೇ ಅಂತರ ಬಿಟ್ಟು, ಮೂರು ತೂತುಗಳು ಕಂಡವು.

"ಗೆದ್ದಲು ಹಿಡಿದೈತೇನಪ್ಪಾ?" ಎಂದು ದೊಡ್ಡಮ್ಮ ಕೇಳಿದರಂತೆ.

"ಗೆದ್ದಲು ಟೇಪು ಹಿಡ್ಕೊಂಡು ತಿನ್ನಲ್ಲ ಕಣಜ್ಜಿ" ಎಂದನಂತೆ ಅವನು.

ಕಡೂರಿನಲ್ಲಿದ್ದ ನನಗೆ ದೊಡ್ಡಮ್ಮನ ಫೋನ್ ಬಂತು. "ಇವತ್ತೇ ಬಾರೇ. ನಿಮ್ ದೊಡ್ಡಪ್ಪ ಕೊಯ್ದಿಲ್ಲ ಕಣೇ. ಕೊಯ್ದಿದ್ರೆ ಅಂಚು ಹಿಂಗಿರ್ತಿತ್ತಾ? ನೀನು ಪೇಪರ್ನೋಳು, ಬಂದು ನೋಡಿ ಸರಿಯಾಗಿ ಬರ್ಕೋ."

ಕೊಯ್ದದ್ದು ಎಂದರೆ ಏನು ಎಂದು ನಮ್ಮ ಮೂರು ಮನೆಗಳಲ್ಲಿ ಯಾರೂ ಕೇಳುವುದಿಲ್ಲ. ಹೊರಗಿನವರಿಗೆ ಹೇಳಬೇಕು.

ಮೇಜು ಅಜ್ಜನದು. ಅದು ಮನೆಗೆ ಬಂದ ಬಗ್ಗೆ ಎರಡು ಹೇಳಿಕೆಗಳಿವೆ. ದೊಡ್ಡಮ್ಮನ ಪ್ರಕಾರ, ಕಾಫಿ ತೋಟದ ಒಬ್ಬ ದೊರೆ ದೇಶ ಬಿಡುವಾಗ ಅವನ ಸಾಮಾನನ್ನು ಅಜ್ಜ ಎತ್ತಿನ ಗಾಡಿಯಲ್ಲಿ ಕಡೂರು ಸ್ಟೇಷನ್ನಿಗೆ ಸಾಗಿಸಿದರು. ವ್ಯಾಗನ್ನಿನಲ್ಲಿ ಹಿಡಿಯದ ಮೇಜು ಅಜ್ಜನ ಪಾಲಿಗೆ ಉಳಿಯಿತು. ಚಿಕ್ಕಪ್ಪನ ಪ್ರಕಾರ, ತರೀಕೆರೆಯಲ್ಲಿ ರೈಲು ಕೆಲಸದ ಎಂಜಿನಿಯರೊಬ್ಬ ವರ್ಗವಾಗಿ ಹೋಗುವಾಗ ಅಜ್ಜ ಅದನ್ನು ಹರಾಜಿನಲ್ಲಿ ಹಿಡಿದರು. ಕಾಗದ ಇಬ್ಬರ ಬಳಿಯೂ ಇಲ್ಲ.

ಹೇಗೆ ಬಂದಿದ್ದರೂ ಅದು ಊಟದ ಮೇಜು. ನಮ್ಮ ಮನೆಯವರು ಊಟ ಮಾಡುತ್ತಿದ್ದದ್ದು ನೆಲದ ಮೇಲೆ, ಪಂಕ್ತಿಯಲ್ಲಿ. ಹಾಗಾಗಿ ಅದರ ಮೇಲೆ ಯಾರೂ ಒಂದು ತುತ್ತು ಉಂಡವರಿಲ್ಲ. ಕೊಬ್ಬರಿ ಹರವಿದರು, ಆಯುಧ ಪೂಜೆಗೆ ಕುಡುಗೋಲು, ಸಲಿಕೆಗಳನ್ನು ಇಟ್ಟರು. ಊಟಕ್ಕೆ ಬಳಸದ ಮೇಜನ್ನು ದೊಡ್ಡದು ಮಾಡುವ, ಚಿಕ್ಕದು ಮಾಡುವ ಪ್ರಸಂಗವೇ ಬರಲಿಲ್ಲ.

ಅಜ್ಜ ತೀರಿಕೊಳ್ಳುವ ಮುಂಚೆ ಮೂವರು ಗಂಡುಮಕ್ಕಳನ್ನು ಕೂರಿಸಿಕೊಂಡು, "ಮನೆ ಬೇಕಾದ್ರೆ ಪಾಲು ಮಾಡ್ಕಳಿ, ಮೇಜು ಮಾತ್ರ ಒಡೀಬ್ಯಾಡಿ" ಎಂದಿದ್ದರು. ಪಾಲು ಮಾಡಲಾಗದ ವಸ್ತು ನಮ್ಮಲ್ಲಿ ಸರದಿಯ ಮೇಲೆ ತಿರುಗುತ್ತದೆ. ದೊಡ್ಡ ತಾಮ್ರದ ಹಂಡೆ ಈಗಲೂ ಯುಗಾದಿಯಿಂದ ಯುಗಾದಿಗೆ ಮನೆ ಬದಲಿಸುತ್ತದೆ. ಮೇಜೂ ಹಾಗೇ ತಿರುಗಬೇಕಿತ್ತು. ಆದರೆ ಪಾಲಿನ ದಿನ ಬೆಳಿಗ್ಗೆ ಊರ ಹಿರಿಯರು ಬಂದು ಕೂರುವ ಹೊತ್ತಿಗೆ ಮೇಜು ಎರಡಾಗಿತ್ತು. ಒಂದೊಂದು ಅರ್ಧವೂ ಒಂದು ಕಡೆ ದುಂಡಗೆ, ಒಂದು ಕಡೆ ನೆಟ್ಟಗೆ, ನಾಲ್ಕು ನಾಲ್ಕು ಕಾಲಿನ ಮೇಲೆ ನಿಂತಿತ್ತು.

ಆಗ ಹತ್ತೊಂಬತ್ತು ವರ್ಷದವರಾಗಿದ್ದ ಚಿಕ್ಕಪ್ಪ, ಬೆಳಿಗ್ಗೆ ಅಣ್ಣನ ಕೈಯಲ್ಲಿ ಗರಗಸ ನೋಡಿದೆ ಎಂದರು. ಹಿರಿಯರು ದೊಡ್ಡಪ್ಪನನ್ನು ಕೇಳಿದರು. ದೊಡ್ಡಪ್ಪ ಕೊಟ್ಟ ಉತ್ತರ ಎರಡೇ ಮಾತು: "ತಾನಾಗೇ ಬಿಟ್ಕೊಳ್ತು."

ಹಿರಿಯರು ನಕ್ಕರು. ಆಮೇಲೆ ಊರು ನಕ್ಕಿತು. ನಾನು ಹುಟ್ಟಿ ಮಾತು ಕಲಿಯುವ ಹೊತ್ತಿಗೆ ಅದು ಗಾದೆಯಾಗಿತ್ತು. ಲೋಟ ಒಡೆದರೆ, ಎಮ್ಮೆ ಹಗ್ಗ ಕಿತ್ತುಕೊಂಡು ಹೋದರೆ, ಗಣಿತದಲ್ಲಿ ನಪಾಸಾದರೆ, "ತಾನಾಗೇ ಬಿಟ್ಕೊಳ್ತು" ಎಂದು ಯಾರಾದರೂ ಅನ್ನುತ್ತಿದ್ದರು. ದೊಡ್ಡಪ್ಪನೂ ಕೆಲವೊಮ್ಮೆ ನಗುತ್ತಿದ್ದರು. ದೊಡ್ಡಮ್ಮ ನಕ್ಕದ್ದನ್ನು ನಾನು ನೋಡಿಲ್ಲ. ದೊಡ್ಡಪ್ಪ ಹೋಗಿ ಒಂಬತ್ತು ವರ್ಷವಾಯಿತು. ಅವರ ಮಧ್ಯದ ತಮ್ಮ, ಅಂದರೆ ನಮ್ಮಪ್ಪ, ಅದಕ್ಕೂ ಮುಂಚೆ ಹೋದರು.

ಒಂದು ಅರ್ಧ ಸಿಂಗಟಗೆರೆಯಲ್ಲಿ ಉಳಿಯಿತು. ಇನ್ನೊಂದು ಚಿಕ್ಕಪ್ಪನ ಜೊತೆ ಶಿವನಿ ಎಂಬ ಊರಿಗೆ ಹೋಯಿತು. ಎರಡೂ ಮನೆಯವರು ಕೊಯ್ದ ಅಂಚು ಕಣ್ಣಿಗೆ ಬೀಳಬಾರದೆಂದು ಅದನ್ನು ಗೋಡೆಗೆ ಒತ್ತಿ ಇಟ್ಟರು. ಆ ಅಂಚನ್ನು ನೋಡದೇ ಎರಡು ತಲೆಮಾರು ಜಗಳವಾಡಿತು.

ಈಗ ಫೋನ್ ಮಾಡಿದ್ದಕ್ಕೆ ಬೇರೆ ಕಾರಣವೂ ಇತ್ತು. ದೊಡ್ಡಮ್ಮನ ಮೊಮ್ಮಗಳಿಗೆ ಹಿರೇನಲ್ಲೂರು ಕಡೆಯ ಗಂಡು ಗೊತ್ತಾಗಿತ್ತು. ಮಾಘದಲ್ಲಿ ನಿಶ್ಚಿತಾರ್ಥ. ಹೆಣ್ಣಿನ ಕಡೆಯಿಂದ ತಾಂಬೂಲ ಕೊಡಬೇಕಾದವರು ಮನೆತನದ ಹಿರಿಯ ಗಂಡಸು. ಉಳಿದಿರುವ ಹಿರಿಯರು ಚಿಕ್ಕಪ್ಪ ಒಬ್ಬರೇ.

"ಅವನ ಕೈಲಿ ತಾಂಬೂಲ ಕೊಡಿಸ್ಬೇಕು ಅಂತ ನಂಗೂ ಐತೆ" ಎಂದರು ದೊಡ್ಡಮ್ಮ, ನಾನು ಹೋಗಿ ಕೂತ ಕೂಡಲೇ. "ಆದ್ರೆ ಆ ಮಾತು ಹಿಂದಕ್ಕೆ ತಗೊಳ್ಲಿ. ನಮ್ಮೋರು ಮೇಜು ಕೊಯ್ಲಿಲ್ಲ ಅಂತ ನಾಲ್ಕು ಜನದ ಮುಂದೆ ಅವನ ಬಾಯಿಂದ ಬರ್ಲಿ. ಇಲ್ದಿದ್ರೆ ನನ್ ಮಗನೇ ಕೊಡ್ಲಿ, ಸಾಕು."

"ಅಮ್ಮ, ಸತ್ತೋರ ಮೇಲಿನ ಕೇಸು ಕೋರ್ಟಲ್ಲೂ ಮುಚ್ಚಾಕ್ತಾರೆ" ಎಂದ ಅವರ ಮಗ, ನನ್ನ ಅಣ್ಣ.

"ನಿಂಗೇನ್ಲಾ ಗೊತ್ತು, ಸುಮ್ನಿರು."

ನಾನು ಮೇಜು ನೋಡಿದೆ. ಆ ಮನೆಗೆ ನೂರಾರು ಸಲ ಹೋಗಿದ್ದರೂ ಅದನ್ನು ನೋಡಿದ್ದು ಅವತ್ತೇ ಎನ್ನಬೇಕು. ಕಾಲುಗಳು ಚೌಕ, ನೆಟ್ಟಗೆ, ಕೆಳಗೆ ಬರುತ್ತ ಸಣ್ಣಗಾಗುತ್ತವೆ. ನೆಲ ಮುಟ್ಟುವ ಮೊದಲು ಸಣ್ಣ ಗುದ್ದಲಿಯ ಬಾಯಿಯ ಹಾಗೆ ಮತ್ತೆ ಸ್ವಲ್ಪ ಅಗಲವಾಗುತ್ತವೆ. ಕೆಂಪು ಮರದೊಳಗೆ ದಾರದಷ್ಟು ತೆಳ್ಳಗೆ ಹಳದಿ ಮರದ ಗೆರೆ ಕೂರಿಸಿದ್ದಾರೆ. ಪ್ರತಿ ಕಾಲಿನ ತಲೆಯಲ್ಲಿ ಮೊಟ್ಟೆಯಾಕಾರದ ಚೌಕಟ್ಟು, ಅದರೊಳಗೆ ಒಂದು ಕಳಶ. ಕಳಶದ ಕೆಳಗೆ ತುಂಬೆ ಹೂವಿನಂಥ ಮೊಗ್ಗುಗಳ ಇಳಿಬಿದ್ದ ಸರ. ದೊಡ್ಡಮ್ಮ ಶುಕ್ರವಾರ ಶುಕ್ರವಾರ ಆ ಕಳಶಗಳಿಗೆ ಕುಂಕುಮ ಇಡುತ್ತಾರೆ. ನಾಲ್ಕರಲ್ಲಿ ಮೂರು ಕಳಶಗಳ ಗೆರೆ ಕುಂಕುಮದಲ್ಲಿ ಮುಚ್ಚಿಹೋಗಿತ್ತು. ಗೋಡೆಯ ಮೂಲೆಗೆ ಸೇರಿ ಕೈಗೆ ಸಿಗದ ನಾಲ್ಕನೆಯದು ಮಾತ್ರ ಸ್ವಚ್ಛವಾಗಿತ್ತು.

ಫೋಟೊ ತೆಗೆದು, ಬೆಂಗಳೂರಿನಲ್ಲಿ ಹಳೆಯ ಮೇಜು ಕುರ್ಚಿ ರಿಪೇರಿ ಮಾಡಿ ಮಾರುವ ಮಹಿಳೆಯೊಬ್ಬರಿಗೆ ಕಳಿಸಿದೆ. ಸಹೋದ್ಯೋಗಿಯೊಬ್ಬರು ಕೊಟ್ಟ ನಂಬರು. ಅವರು ಅರ್ಧ ಗಂಟೆ ಮಾತಾಡಿದರು. ನಾನು ಬರೆದುಕೊಂಡದ್ದರ ಸಾರ ಇಷ್ಟು.

ಹದಿನೆಂಟನೆಯ ಶತಮಾನದ ಮಧ್ಯದವರೆಗೆ ಇಂಗ್ಲೆಂಡಿನಲ್ಲಿ ಮೇಜು ಕುರ್ಚಿಗಳ ಕಾಲು ಬಳುಕುತ್ತಿತ್ತು. ಪಾದದಲ್ಲಿ ಹಕ್ಕಿಯ ಉಗುರು ಚೆಂಡು ಹಿಡಿದಂತೆ ಕೆತ್ತುತ್ತಿದ್ದರು. ಇಟಲಿಯಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ರೋಮನ್ನರ ಊರುಗಳನ್ನು ಅಗೆದು ತೆಗೆಯತೊಡಗಿದ ಮೇಲೆ, ಅಲ್ಲಿಯ ಕಂಬ, ಹೂಜಿ, ಹಾರಗಳ ಚಿತ್ರಗಳು ಯುರೋಪಿನಲ್ಲೆಲ್ಲ ಹರಡಿದವು. ಬಡಗಿಗಳ ಕೈ ಬದಲಾಯಿತು. ಕಾಲು ನೆಟ್ಟಗಾಯಿತು, ತೆಳ್ಳಗಾಯಿತು. ಆಳವಾದ ಕೆತ್ತನೆಯ ಬದಲು ಬೇರೆ ಬಣ್ಣದ ಮರದ ಗೆರೆ, ಹೂಜಿ, ಮೊಗ್ಗಿನ ಸರ ಬಂದವು. ಇದನ್ನು ನವಶಾಸ್ತ್ರೀಯ ಶೈಲಿ ಎನ್ನುತ್ತಾರೆ. ಕೆರಿಬಿಯನ್ ದ್ವೀಪಗಳಿಂದ, ಗುಲಾಮರ ಕೈಯಲ್ಲಿ ಕಡಿಸಿ ತರುತ್ತಿದ್ದ ಮಹಾಗನಿ ಈ ಶೈಲಿಗೆ ಹೊಂದಿತು. ಅಗಲವಾದ ಹಲಗೆ ಸಿಗುತ್ತಿತ್ತು, ಅದು ಸೊಟ್ಟಗಾಗುತ್ತಿರಲಿಲ್ಲ. ಮುಂದಿನ ಶತಮಾನದಲ್ಲಿ ಕಾಲುಗಳು ಮತ್ತೆ ದಪ್ಪವಾದವು. ಅದೂ ಬೇಸರವಾಗಿ, ಆ ಶತಮಾನದ ಕೊನೆಗೆ ಹಳೆಯ ತೆಳ್ಳನೆಯ ಕಾಲನ್ನೇ ನೋಡಿ ನಕಲು ಮಾಡಿದರು. ಮದರಾಸಿನಂಥ ಊರುಗಳಲ್ಲಿ ನಮ್ಮ ಬಡಗಿಗಳೂ ಮಾದರಿ ಪುಸ್ತಕ ಮುಂದಿಟ್ಟುಕೊಂಡು ತೇಗ, ಬೀಟೆ, ಗಂಧಗರಿಗೆಯಲ್ಲಿ ಅದನ್ನೇ ಮಾಡಿದರು.

"ಹಾಗಾದರೆ ನಮ್ಮದು ಯಾವುದು?" ಎಂದೆ.

"ಫೋಟೊದಲ್ಲಿ ಹೇಳೋಕಾಗಲ್ಲ ಮೇಡಂ. ಮೇಜಿನ ತಳದಲ್ಲಿ ಗರಗಸದ ಗೆರೆ ನೋಡಿ. ನೆಟ್ಟಗಿದ್ದರೆ ಕೈಗರಗಸ, ಬಿಲ್ಲಿನ ಹಾಗೆ ಬಾಗಿದ್ದರೆ ಯಂತ್ರದ್ದು."

ನೆಟ್ಟಗಿತ್ತು. ಹೇಳಿದೆ.

"ಇಂಗ್ಲೆಂಡಿನದಾಗಿದ್ದರೆ ಹಳೇದು ಅನ್ನಬಹುದಿತ್ತು. ನಮ್ಮ ದೇಶದಲ್ಲಿ ಮೊನ್ನೆ ಮೊನ್ನೆಯವರೆಗೂ ಕೈಯಲ್ಲೇ ಕೊಯ್ತಿದ್ರಲ್ಲ. ಹಾಗಾಗಿ ಏನೂ ಗೊತ್ತಾಗಲ್ಲ."

ಒಂದು ವಿಷಯವನ್ನು ಮಾತ್ರ ಅವರು ಖಚಿತವಾಗಿ ಹೇಳಿದರು. ಇಂಥ ಮೇಜುಗಳನ್ನು ಮೊದಲಿಂದಲೂ ಎರಡು ಅರ್ಧಗಳಾಗಿಯೇ ಮಾಡುತ್ತಿದ್ದರು. ಒಂದರಲ್ಲಿ ತೂತು, ಇನ್ನೊಂದರಲ್ಲಿ ಅದಕ್ಕೆ ಕೂರುವ ಮರದ ಗೂಟ. ಅಡಿಯಲ್ಲಿ ಎರಡನ್ನೂ ಹಿಡಿಯುವ ಹಿತ್ತಾಳೆ ಕ್ಲಿಪ್ಪು. ನೆಂಟರು ಹೆಚ್ಚಿದರೆ ನಡುವೆ ಒಂದು ಹಲಗೆ ಸೇರಿಸುತ್ತಿದ್ದರು. "ಆ ಹಲಗೆ ನಿಮ್ಮಲ್ಲಿದೆಯಾ?" ಎಂದು ಕೇಳಿದರು. ಇಲ್ಲ ಎಂದೆ.

ದೊಡ್ಡಮ್ಮನಿಗೆ ಇದನ್ನು ಹೇಳಿದಾಗ ಅವರು ಮೇಜಿನ ಅಂಚಿನ ತೂತುಗಳ ಮೇಲೆ ಬೆರಳಾಡಿಸಿದರು. "ಹಂಗಾರೆ ನಿಜ್ವಾಗ್ಲೂ ತಾನಾಗೇ ಬಿಟ್ಕೊಳ್ತಾ?" ಎಂದರು. ಅಷ್ಟು ವರ್ಷ ಗಂಡನ ಪರವಾಗಿ ವಾದಿಸಿದ್ದ ಅವರೂ ಆ ಮಾತನ್ನು ಪೂರ್ತಿ ನಂಬಿರಲಿಲ್ಲ ಎಂದು ನನಗೆ ಆಗ ತಿಳಿಯಿತು.

ಮುಂದಿನ ಭಾನುವಾರ ಶಿವನಿಗೆ ಹೋದೆ. ಜೊತೆಗೆ ತರೀಕೆರೆಯಿಂದ ಆಚಾರ್ರು ಬಂದರು. ಅಣ್ಣನ ಮನೆಗೆ ಬಾಗಿಲು ಕಿಟಕಿ ಮಾಡಿಕೊಟ್ಟ ಬಡಗಿ. ಚಿಕ್ಕಪ್ಪನ ಅರ್ಧ ಮೇಜಿನ ಮೇಲೆ ಟಿ.ವಿ. ಇದೆ. ಅದನ್ನು ಸರಿಸಬೇಕೆಂದಾಗ ಚಿಕ್ಕಪ್ಪ ಒಪ್ಪಲಿಲ್ಲ.

"ಕೇಬಲ್ ಕಿತ್ತೋದ್ರೆ ಯಾರಮ್ಮ ಹಾಕ್ಕೊಡ್ತಾರೆ? ನಿಮ್ ದೊಡ್ಡಮ್ಮ ಬತ್ತಾಳಾ?"

"ನಾನೇ ಹಾಕಿಸ್ಕೊಡ್ತೀನಿ ಚಿಕ್ಕಪ್ಪ."

"ಏನವ್ವ, ಪೇಪರ್ ಬಿಟ್ಟು ಪೊಲೀಸ್ ಸೇರ್ಕಂಡ್ಯಾ?"

ಕೊನೆಗೆ ಅವರೇ ಟಿ.ವಿ. ಎತ್ತಿದರು. ಆಚಾರ್ರು ಮೇಜು ತಿರುಗಿಸಿ, ಅಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಗೂಟ ಇರಲಿಲ್ಲ. ಗೂಟ ಇರಬೇಕಾದ ಮೂರು ಕಡೆ ಮೂರು ದುಂಡು ಗುರುತುಗಳಿದ್ದವು. ಗೂಟಗಳನ್ನು ಅಂಚಿಗೆ ಸಮನಾಗಿ ಕೊಯ್ದು ಹಾಕಲಾಗಿತ್ತು.

"ನೋಡಿದ್ಯಾ!" ಎಂದರು ಚಿಕ್ಕಪ್ಪ. ಅವರ ಧ್ವನಿ ಏರಿತ್ತು. "ಗರಗಸ ನೋಡ್ದೆ ಅಂದ್ನಲ್ಲ! ನನ್ ಕಣ್ಣು ಸುಳ್ಳು ಹೇಳ್ತಾ?"

ಒಂದು ನಿಮಿಷ ನನಗೂ ಹಾಗೇ ಅನ್ನಿಸಿತು. ದೊಡ್ಡಪ್ಪ ಮೇಜು ಕೊಯ್ಯಲಿಲ್ಲ, ಗೂಟ ಕೊಯ್ದರು. ತಮ್ಮನಿಗೆ ಕೊಡುವ ಅರ್ಧ ಗೋಡೆಗೆ ಸರಿಯಾಗಿ ಕೂರಲಿ ಎಂದು. ಇಬ್ಬರ ಮಾತೂ ನಿಜ. ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದೂಬಿಟ್ಟೆ. ಆಚಾರ್ರು ಕನ್ನಡಕ ಹಾಕಿಕೊಂಡು ಗುರುತುಗಳ ಮೇಲೆ ಉಗುರು ಆಡಿಸುತ್ತಿದ್ದರು.

"ಇದು ಮರದ ಗರಗಸ ಅಲ್ಲ ಕಣ್ರೀ" ಎಂದರು. "ಗೆರೆ ನೋಡಿ, ಕೂದಲಂಗೆ ಅವೆ. ಕಬ್ಬಿಣ ಕೊಯ್ಯೋ ಬ್ಲೇಡು. ಗೂಟದ ಒಳಗಿನ ಮರನೂ ಇನ್ನೂ ಅಷ್ಟು ಕಪ್ಪಾಗಿಲ್ಲ. ಪಾಲಾದ ಕಾಲದ್ದಲ್ಲ ಇದು, ಈಚಿಂದು."

ಆಗ ಒಳಗಿನಿಂದ ಚಿಕ್ಕಮ್ಮ ಬಂದು, ಮೊದಲ ಟಿ.ವಿ. ತಂದ ವರ್ಷ ಮೇಜು ಗೋಡೆಗೆ ಅಂಟಿ ಕೂರುತ್ತಿರಲಿಲ್ಲ, ವೈರು ಎಳೆಯಲು ಬಂದವನು ಹಿಂದುಗಡೆ ಏನೋ ಮೊಳೆಯಂಥದ್ದು ಅಡ್ಡ ಬರುತ್ತದೆ ಎಂದು ಕೊಯ್ದು ಸರಿ ಮಾಡಿಕೊಟ್ಟ ಎಂದರು.

"ನಂಗ್ಯಾಕೆ ಹೇಳ್ಲಿಲ್ವೇ?"

"ಹೇಳಿದ್ನಲ್ರೀ. ಮ್ಯಾಚ್ ನೋಡ್ತಿದ್ರಿ. ಹ್ಞೂಂ ಅಂದ್ರಿ."

ಚಿಕ್ಕಪ್ಪ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ನಾನು ಹಿಂದೆಯೇ ಹೋದೆ. ಅವರು ನನ್ನನ್ನು ನೋಡದೆ ಕೇಳಿದರು: "ಹಂಗಾದ್ರೆ ಅವತ್ತು ಅಣ್ಣ ಕೊಯ್ತಿದ್ದದ್ದು ಏನು?"

ನಾನು ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕಿದೆ.

"ಮೇಜು ಕೊಯ್ದಿಲ್ಲ ಅನ್ನೋದು ಈಗ ಕಣ್ಣಿಗೆ ಕಾಣ್ತೈತೆ" ಎಂದರು ಅವರು. "ಒಪ್ತೀನಿ. ಆದ್ರೆ ಗರಗಸ ನೋಡಿದ್ದು ನೋಡಿದ್ದೇ. ಕೊಟ್ಟಿಗೆ ಹತ್ರ, ಬೆಳಕು ಬಿದ್ದಿತ್ತು, ಕೈಲಿ ಉದ್ದನೇ ಗರಗಸ. ನೋಡಿಲ್ಲ ಅಂತ ಹೆಂಗವ್ವ ಹೇಳ್ಲಿ?"

ಮರ ಯಾವುದು ಎಂದೂ ಆಚಾರ್ರನ್ನು ಕೇಳಿದೆ. ತಳದಲ್ಲಿ ಉಳಿಯಿಂದ ಕೂದಲೆಳೆಯಷ್ಟು ಕೆರೆದು ಮೂಸಿ ನೋಡಿ, ಗಂಧಗರಿಗೆ ಎಂದರು. ಚಿಕ್ಕಪ್ಪ ಹೊನ್ನೆ ಎನ್ನುತ್ತಾರೆ. ದೊಡ್ಡಮ್ಮ ಬೀಟೆ ಎನ್ನುತ್ತಾರೆ. ಮಹಾಗನಿ ಇರಬಹುದಂತೆ ಎಂದು ನಾನು ಹೇಳಿದಾಗ ಆಚಾರ್ರು, "ಇದ್ರೂ ಇರ್ಬೋದು. ನಾನು ಆ ಮರ ಇಷ್ಟು ಹಳೇದು ಕೊಯ್ದಿಲ್ಲ" ಎಂದರು.

ಅವತ್ತು ಸಂಜೆ ಕಡೂರಿಗೆ ಬಂದು ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾಗ ಎದುರಿಗೆ ಉಪ್ಪಿನಕಾಯಿ ಜಾಡಿಗಳ ಸಾಲಿತ್ತು. ಜಾಡಿಗಳು ಎರಡು ಟ್ರಂಕುಗಳ ಮೇಲೆ ಅಡ್ಡ ಹಾಕಿದ ಒಂದು ಅಗಲದ ಹಲಗೆಯ ಮೇಲಿದ್ದವು. ಆ ಹಲಗೆಯ ಮೇಲೆ ನಾನು ಎಸ್ಸೆಸ್ಸೆಲ್ಸಿಗೆ ಓದಿದ್ದೇನೆ. ಅದರ ಒಂದು ಅಂಚಿನಲ್ಲಿ ಮೂರು ಮೊಂಡು ಗೂಟಗಳಿದ್ದವು. ಓದುವಾಗ ಮೊಣಕೈಗೆ ತಾಗುತ್ತವೆಂದು ಆ ಕಡೆ ಬಟ್ಟೆ ಸುತ್ತಿಕೊಳ್ಳುತ್ತಿದ್ದೆ. ಇನ್ನೊಂದು ಅಂಚು ಗೋಡೆಯ ಕಡೆಗಿತ್ತು. ಜಾಡಿಗಳನ್ನು ಇಳಿಸಿ ಕೈ ಹಾಕಿ ತಡವಿದೆ. ಮೂರು ತೂತುಗಳು ಸಿಕ್ಕವು.

"ಏನೇ ಅದು, ಇಲಿನಾ?" ಎಂದರು ಅಮ್ಮ.

ಹಲಗೆ ಎಲ್ಲಿಂದ ಬಂತು ಎಂದು ಕೇಳಿದೆ. ಅಮ್ಮ ಮದುವೆಯಾಗಿ ಬಂದದ್ದು ಪಾಲಾದ ಎರಡು ವರ್ಷಕ್ಕೆ. "ನಾನು ಬರೋವಾಗ್ಲೇ ಇತ್ತು. ಗಾಡಿ ಹಲಗೆ ಅಂತ ನಿಮ್ಮಪ್ಪ ಹೇಳಿದ್ರು. ಅಣ್ಣ ಕೊಟ್ಟಿದ್ದು, ಇರ್ಲಿ ಅಂದ್ರು."

ಅಳತೆ ತೆಗೆದೆ. ಹಲಗೆಯ ಉದ್ದ, ಸಿಂಗಟಗೆರೆಯಲ್ಲಿ ಬರೆದುಕೊಂಡಿದ್ದ ದೊಡ್ಡಮ್ಮನ ಮೇಜಿನ ನೆಟ್ಟ ಅಂಚಿನ ಅಳತೆಯಷ್ಟೇ ಇತ್ತು. ದೊಡ್ಡಪ್ಪ ಮೇಜನ್ನು ಮೂವರಿಗೂ ಕೊಟ್ಟಿದ್ದರು. ಮೇಜು ಹೇಗೆ ಬಿಚ್ಚಿಕೊಳ್ಳುತ್ತದೆ ಎಂದು ಗೊತ್ತಿದ್ದೇ ಕೊಟ್ಟರೋ, ಅಥವಾ ಎತ್ತಿಡುವಾಗ ಅದು ನಿಜಕ್ಕೂ ಕೈಯಲ್ಲಿ ಬಿಟ್ಟುಕೊಂಡು ಅವರೇ ಬೆಚ್ಚಿಬಿದ್ದರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಹಿರಿಯರ ಮುಂದೆ ಮತ್ತೆ ಜೋಡಿಸಿ ತೋರಿಸಬಹುದಿತ್ತು. ಗೊತ್ತಿಲ್ಲದಿದ್ದರೆ ಹಲಗೆಯನ್ನು ನಮ್ಮಪ್ಪನಿಗೆ ಯಾಕೆ ಕೊಟ್ಟರು? ನಮ್ಮಪ್ಪ ಅದನ್ನು ಗಾಡಿ ಹಲಗೆ ಎಂದು ಯಾಕೆ ಹೇಳಿದರು? ಕೇಳಬೇಕಾದ ಇಬ್ಬರೂ ಇಲ್ಲ.

ಈ ಹಲಗೆಯ ವಿಷಯವನ್ನು ಎರಡೂ ಮನೆಗೆ ಫೋನಿನಲ್ಲಿ ಹೇಳಿದೆ. ದೊಡ್ಡಮ್ಮ, "ಇನ್ನೇನ್ ಬೇಕಂತೆ ಅವನಿಗೆ?" ಎಂದರು. ಚಿಕ್ಕಪ್ಪ, "ನೋಡಾಣ" ಎಂದರು. ಅದಾದ ಮೇಲೆ ಎರಡು ತಿಂಗಳು ಯಾರೂ ಏನೂ ಹೇಳಲಿಲ್ಲ. ಅಣ್ಣ ಶಿವನಿಗೆ ಹೋಗಿ ಕರೆದು ಬಂದ. ತಾಂಬೂಲದ ಮಾತು ಎತ್ತಬೇಡ ಎಂದು ದೊಡ್ಡಮ್ಮ ಹೇಳಿ ಕಳಿಸಿದ್ದರಿಂದ ಎತ್ತಲಿಲ್ಲ.

ಮಾಘದ ಎರಡನೇ ಭಾನುವಾರ ನಿಶ್ಚಿತಾರ್ಥ. ನಾನು ಹಲಗೆಯನ್ನು ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಬೇಗ ಹೋಗಿದ್ದೆ. ಒಂಬತ್ತೂವರೆಗೆ ಮನೆ ಮುಂದೆ ಒಂದು ಟೆಂಪೊ ನಿಂತಿತು. ಅದರಿಂದ ಚಿಕ್ಕಪ್ಪ, ಚಿಕ್ಕಮ್ಮ ಮತ್ತು ಕಂಬಳಿ ಸುತ್ತಿದ ಅರ್ಧ ಮೇಜು ಇಳಿದರು. ಚಿಕ್ಕಪ್ಪ ಯಾರ ಮುಖವನ್ನೂ ನೋಡಲಿಲ್ಲ.

"ಅತ್ತಿಗೆ, ಎಲ್ಲಿಡ್ಲಿ?"

"ಎಲ್ಲಿತ್ತೋ ಅಲ್ಲೇ ಇಡಪ್ಪ."

ದೊಡ್ಡಮ್ಮನ ಅರ್ಧವನ್ನು ನಡುಮನೆಯ ಮಧ್ಯಕ್ಕೆ ಎಳೆದೆವು. ನಮ್ಮ ಹಲಗೆಯ ಗೂಟಗಳು ಅದರ ತೂತಿಗೆ ಮೊದಲು ಹೋಗಲಿಲ್ಲ. ತೂತಿನಲ್ಲಿ ಸುಣ್ಣ ತುಂಬಿತ್ತು. ಅಣ್ಣ ಕಡ್ಡಿಯಿಂದ ಕೆದಕಿ, ಅಂಗೈಯಲ್ಲಿ ಗುದ್ದಿದ. ಕೂತಿತು. ಇನ್ನೊಂದು ಕಡೆ ಚಿಕ್ಕಪ್ಪನ ಅರ್ಧಕ್ಕೆ ಗೂಟ ಇಲ್ಲದ್ದರಿಂದ ಅದನ್ನು ಸುಮ್ಮನೆ ತಾಗಿಸಿ ನಿಲ್ಲಿಸಿದೆವು. ಹಲಗೆಯ ಬಣ್ಣ ಬೇರೆಯಾಗಿತ್ತು. ಉಪ್ಪಿನಕಾಯಿ ಜಾಡಿಗಳ ದುಂಡು ಕಲೆಗಳಿದ್ದವು. ಅಣ್ಣನ ಹೆಂಡತಿ ಮೇಲೊಂದು ಬಿಳಿ ಪಂಚೆ ಹಾಸಿದರು.

ಗಂಡಿನ ಕಡೆಯವರು ಬಂದು ಕೂತರು. ಹುಡುಗನ ಸೋದರಮಾವ ಎಂದು ಪರಿಚಯವಾದವರು ಮೇಜನ್ನು ಮೇಲಿಂದ ಕೆಳಗೆ ನೋಡಿ, ಬಾಗಿಲ ಕಡೆ ನೋಡಿ, ಚಿಕ್ಕಪ್ಪನನ್ನೇ ಕೇಳಿದರು: "ಇಷ್ಟುದ್ದದ್ದು ಈ ಬಾಗ್ಲಲ್ಲಿ ಹೆಂಗ್ರೀ ಒಳಕ್ಕೆ ಬಂತು? ಕೊಯ್ದು ಸೇರಿಸ್ತಾರಾ?"

ದೊಡ್ಡಮ್ಮ ಎಲೆ ಒರೆಸುತ್ತಿದ್ದ ಕೈ ನಿಲ್ಲಿಸಿದರು.

"ಕೊಯ್ಯೋದೇನೂ ಇಲ್ಲ" ಎಂದರು ಚಿಕ್ಕಪ್ಪ. "ಇದನ್ನ ಯಾರೂ ಕೊಯ್ದಿಲ್ಲ. ತಾನಾಗೇ ಬಿಟ್ಕೊಳ್ತದೆ ಕಣ್ರೀ."

ಗಂಡಿನ ಕಡೆಯವರು ತಲೆಯಾಡಿಸಿದರು. ನಮ್ಮ ಕಡೆ ಯಾರೋ ನಗಲು ಹೋಗಿ ಕೆಮ್ಮಿದರು. ದೊಡ್ಡಮ್ಮ ಎಲೆ ಅಡಿಕೆ, ಕಾಯಿ ಇಟ್ಟ ತಟ್ಟೆಯನ್ನು ಮೇಜಿನ ಮೇಲಿಟ್ಟು, ಮೈದುನನ ಕಡೆ ಸರಿಸಿದರು. ಚಿಕ್ಕಪ್ಪ ಎದ್ದು ತಾಂಬೂಲ ಕೊಟ್ಟರು.

ಮಧ್ಯಾಹ್ನದ ಊಟ ನೆಲದ ಮೇಲೆ, ಪಂಕ್ತಿಯಲ್ಲಿ ಆಯಿತು.

ಟೆಂಪೊ ಸಂಜೆ ಶಿವನಿಗೆ ಖಾಲಿ ಹೋಯಿತು. ಇದನ್ನು ಬರೆಯುವ ಹೊತ್ತಿಗೆ ಎರಡು ಅರ್ಧಗಳೂ ನಡುವಿನ ಹಲಗೆಯೂ ಸಿಂಗಟಗೆರೆಯಲ್ಲಿವೆ. ಆಚಾರ್ರು ಹೊಸ ಗೂಟ ಮಾಡಿಕೊಡಲು ಒಪ್ಪಿದ್ದಾರೆ; ಯಾವ ಮರದಲ್ಲಿ ಎಂದು ತೀರ್ಮಾನವಾಗಿಲ್ಲ. ಪಾಲಿನ ದಿನ ಬೆಳಿಗ್ಗೆ ಕೊಟ್ಟಿಗೆಯ ಬಳಿ ದೊಡ್ಡಪ್ಪ ಏನು ಕೊಯ್ಯುತ್ತಿದ್ದರು ಎಂಬುದು ತಿಳಿದುಬಂದಿಲ್ಲ.